ಟ್ಯಾಲಿಯಿಂದ ಪವರ್ ಬಿಐಗೆ ಒಡಿಬಿಸಿ: ಕನೆಕ್ಟ್ ಆಗಿದ್ದು ಸರಿ, ಲೆಕ್ಕ ಯಾಕೆ ಕೂಡ್ತಿಲ್ಲ?

ಪ್ರಶ್ನೆ: ಸರ್, ನಾನು ಅಕೌಂಟ್ಸ್ ಕಡೆಯವಳು, ಪ್ರೋಗ್ರಾಮಿಂಗ್ ಬರಲ್ಲ, ಎಕ್ಸೆಲ್ ಚೆನ್ನಾಗಿ ಬರತ್ತೆ. ನಮ್ಮ ಲೆಕ್ಕ ಎಲ್ಲಾ ಟ್ಯಾಲಿಪ್ರೈಮ್‌ನಲ್ಲಿದೆ. ಯಾವ ಪಾರ್ಟಿ ಎಷ್ಟು ದಿನದಿಂದ ಎಷ್ಟು ಬಾಕಿ ಅನ್ನೋ ರಿಪೋರ್ಟನ್ನ ಪವರ್ ಬಿಐಯಲ್ಲಿ (ಮೈಕ್ರೋಸಾಫ್ಟ್‌ನ ರಿಪೋರ್ಟಿಂಗ್ ಟೂಲ್) ಮಾಡಿ ಅಂತ ಮೇಲಿನವರು ಹೇಳಿದಾರೆ. ಒಡಿಬಿಸಿ ಮೂಲಕ ಎಕ್ಸೆಲ್‌ಗೆ ಲೆಡ್ಜರ್ ಪಟ್ಟಿ ಬಂತು, ಆದ್ರೆ ಪವರ್ ಬಿಐಯಲ್ಲಿ ಅದೇ ಡಿಎಸ್‌ಎನ್ (ಕನೆಕ್ಷನ್ ವಿವರಕ್ಕೆ ಇಟ್ಟ ಹೆಸರು) ಕೊಟ್ರೆ ಆರ್ಕಿಟೆಕ್ಚರ್ ಮಿಸ್‌ಮ್ಯಾಚ್ ಅಂತ ಎರರ್. ವೋಚರ್ ಟೇಬಲ್ ಎಲ್ಲೂ ಕಾಣಿಸ್ತಿಲ್ಲ. ಬಂದಿರೋ ಬ್ಯಾಲೆನ್ಸ್‌ಗಳಲ್ಲಿ ಗಿರಾಕಿಗಳದ್ದು ಎಲ್ಲಾ ಮೈನಸ್. ಮುಂದೆ ಗ್ರೂಪ್‌ನ ಇನ್ನೊಂದು ಕಂಪನಿಯ ಕ್ವಿಕ್‌ಬುಕ್ಸ್ ಡೇಟಾನೂ ಇದಕ್ಕೇ ಸೇರಿಸಬೇಕಂತೆ. ಎಲ್ಲಾನೂ ಲೈವ್ ಆಗಿ ಕನೆಕ್ಟ್ ಮಾಡಿ ಬಿಡಬಹುದಾ?

ಉತ್ತರ: ಮೇಡಂ, ನಿಮ್ಮ ಪ್ರಶ್ನೇಲಿ ಮೂರು ಸಮಸ್ಯೆ ಒಂದಕ್ಕೊಂದು ಗಂಟು ಬಿದ್ದಿವೆ. ಎರರ್ ಬರ್ತಿರೋದು ಸಣ್ಣ ಕೆಲಸ, ಕೂತ್ಕೊಂಡ್ರೆ ಹತ್ತು ನಿಮಿಷ. ವೋಚರ್ ಕಾಣದೇ ಇರೋದಕ್ಕೆ ಟಿಡಿಎಲ್ (ಟ್ಯಾಲಿಯದ್ದೇ ಪ್ರೋಗ್ರಾಮಿಂಗ್ ಭಾಷೆ) ಬರೆಯೋರ ಸಹಾಯ ಬೇಕು. ಮೂರನೇದು, ಅಂದ್ರೆ ಬಂದ ಅಂಕಿನ ಪುಸ್ತಕದ ಜೊತೆ ತಾಳೆ ಹಾಕೋದು, ಅದು ಪೂರ್ತಿ ನಿಮ್ಮ ಕೆಲಸ, ಯಾವ ಡ್ರೈವರೂ ಮಾಡಿಕೊಡಲ್ಲ ಐಟಿಯವರೂ ಮಾಡಿಕೊಡಲ್ಲ, ಯಾಕಂದ್ರೆ ಡೆಬಿಟ್ ಕ್ರೆಡಿಟ್ ಗೊತ್ತಿರೋದು ನಿಮಗೆ. ಜನ ಮೊದಲನೇದರಲ್ಲೇ ವಾರ ಕಳೆದು, ಕನೆಕ್ಟ್ ಆದ ಖುಷಿಗೆ ನೇರವಾಗಿ ಚಾರ್ಟ್ ಹಾಕೋಕೆ ಕೂತ್ಬಿಡ್ತಾರೆ, ಆಮೇಲೆ ಮೀಟಿಂಗಲ್ಲಿ ಯಾರೋ "ಇದು ಟ್ರಯಲ್ ಬ್ಯಾಲೆನ್ಸ್‌ಗೆ ಕೂಡಲ್ವಲ್ಲಾ" ಅಂದಾಗ ಮುಖ ಮುಖ ನೋಡ್ಕೋತಾರೆ.

ಮೊದಲು ಒಡಿಬಿಸಿ ಏನು ಮಾಡತ್ತೆ ಅನ್ನೋದು ಸ್ವಲ್ಪ ತಿಳ್ಕೊಳ್ಳಿ, ಮುಂದಿನದು ಸುಲಭ ಆಗತ್ತೆ. 1992ರಲ್ಲಿ ಮೈಕ್ರೋಸಾಫ್ಟ್ ತಂದಿದ್ದು ಇದು, ಪ್ರತಿ ಡೇಟಾಬೇಸ್‌ಗೂ ಬೇರೆ ಬೇರೆ ರೀತಿ ಪ್ರೋಗ್ರಾಂ ಬರೆಯೋ ಕಷ್ಟ ತಪ್ಪಲಿ ಅಂತ. ರಿಪೋರ್ಟಿಂಗ್ ಟೂಲ್ ಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಭಾಷೇಲಿ ಕೇಳತ್ತೆ, ಮಧ್ಯದಲ್ಲಿರೋ ಡ್ರೈವರ್ ಅದನ್ನ ಆ ಕಡೆಯವರಿಗೆ ಅರ್ಥ ಆಗೋ ಹಾಗೆ ಹೇಳಿ, ಉತ್ತರನ ಸಾಲು ಕಾಲಂ ಮಾಡಿ ತಂದು ಕೊಡತ್ತೆ. ದುಭಾಷಿ ಥರ. ದುಭಾಷಿ ಎಷ್ಟೇ ಚೆನ್ನಾಗಿದ್ರೂ ಆ ಕಡೆಯೋರು ಹೇಳದೇ ಇರೋದನ್ನ ಹೇಳೋಕಾಗಲ್ಲ ಅಲ್ವಾ, ನಿಮ್ಮ ಅರ್ಧ ಸಮಸ್ಯೆ ಇಲ್ಲೇ ಇರೋದು.

ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಥರದ್ದಾದ್ರೆ ಆ ಕಡೆ ನಿಜವಾಗ್ಲೂ ಒಂದು ಡೇಟಾಬೇಸ್ ಕೂತಿರತ್ತೆ. ಅಕೌಂಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಆ ಗ್ಯಾರಂಟಿ ಇಲ್ಲ. ಕೆಲವದರಲ್ಲಿ ಕೆಳಗೆ ಡೇಟಾಬೇಸ್ ಇದೆ, ಉದಾಹರಣೆಗೆ ಸೇಜ್ 50ಯ ಅಮೆರಿಕನ್ ಆವೃತ್ತಿ ಪರ್ವೇಸಿವ್ ಮೇಲೆ ನಿಂತಿದೆ, ಈಗ ಅದರ ಹೆಸರು ಆಕ್ಷಿಯನ್ ಝೆನ್. ಟ್ಯಾಲಿ ಹಾಗಲ್ಲ, ಅದರ ಡೇಟಾ ಫೈಲ್‌ಗಳು ಅದರದ್ದೇ ಸ್ವಂತ ಫಾರ್ಮ್ಯಾಟಲ್ಲಿವೆ, ಹೊರಗಿನೋರು ಓದೋಕಾಗಲ್ಲ, ಹಾಗಾಗಿ ಟ್ಯಾಲಿ ಪ್ರೋಗ್ರಾಮೇ ಸರ್ವರ್ ಆಗಿ ನಿಂತು ಉತ್ತರ ಕೊಡತ್ತೆ. ಕ್ವಿಕ್‌ಬುಕ್ಸ್ ಡೆಸ್ಕ್‌ಟಾಪ್ ಇನ್ನೂ ತಮಾಷೆ, ಒಳಗಡೆ ಎಸ್‌ಕ್ಯೂಎಲ್ ಎನಿವೇರ್ ಅನ್ನೋ ಡೇಟಾಬೇಸ್ ಇದ್ರೂ ಬಾಗಿಲು ಹಾಕಿದೆ, ಕ್ಯೂಒಡಿಬಿಸಿ ಅನ್ನೋ ಡ್ರೈವರ್ ನಿಮ್ಮ ಎಸ್‌ಕ್ಯೂಎಲ್‌ನ ಕ್ಯೂಬಿ ಎಕ್ಸ್‌ಎಂಎಲ್ (ಕ್ವಿಕ್‌ಬುಕ್ಸ್‌ಗೆ ಅರ್ಥ ಆಗೋ ರೂಪ) ಕೋರಿಕೆಯಾಗಿ ಬದಲಾಯಿಸಿ ಕ್ವಿಕ್‌ಬುಕ್ಸ್‌ನ್ನೇ ಕೇಳತ್ತೆ. ಕ್ವಿಕ್‌ಬುಕ್ಸ್ ಆನ್‌ಲೈನ್, ಝೀರೋ ಥರದ ಕ್ಲೌಡ್ ಸಾಫ್ಟ್‌ವೇರ್‌ಗೆ ಡ್ರೈವರ್ ಹಾಕಿದ್ರೆ ಅದು ಹಿಂದೆ ವೆಬ್ ಎಪಿಐ (ಇಂಟರ್ನೆಟ್ ಮೂಲಕ ಡೇಟಾ ಕೇಳೋ ದಾರಿ) ಕರೀತಿರತ್ತೆ, ನಿಮಿಷಕ್ಕೆ ಇಷ್ಟೇ ಕರೆ ಅನ್ನೋ ಮಿತಿ ಇರತ್ತೆ. ಮೇಲಿಂದ ನೋಡಿದ್ರೆ ಎಲ್ಲಾದರಲ್ಲೂ ಟೇಬಲ್ ಕಾಣಿಸತ್ತೆ, ಒಳಗೆ ನಡೆಯೋದು ಬೇರೆ ಬೇರೆ.

ಈಗ ನಿಮ್ಮ ಎರರ್. ಡ್ರೈವರ್ ಅಂದ್ರೆ ಒಂದು ಡಿಎಲ್‌ಎಲ್ ಫೈಲ್, ಅದು ನಿಮ್ಮ ರಿಪೋರ್ಟಿಂಗ್ ಟೂಲ್‌ನ ಒಳಗೇ ಲೋಡ್ ಆಗತ್ತೆ. 64-ಬಿಟ್ ಪ್ರೋಗ್ರಾಂ ಒಳಗೆ 32-ಬಿಟ್ ಡಿಎಲ್‌ಎಲ್ ಲೋಡ್ ಆಗಲ್ಲ, ಉಲ್ಟಾನೂ ಆಗಲ್ಲ. ವಿಂಡೋಸ್ ಎಷ್ಟು ಬಿಟ್ ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ, ಟೂಲ್ ಎಷ್ಟು ಬಿಟ್ ಅನ್ನೋದು ಮುಖ್ಯ. ನಿಮ್ಮ ಎಕ್ಸೆಲ್ 32-ಬಿಟ್ ಇರಬೇಕು (ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿದ್ರೆ ಮೇಲಿನ ಸಾಲಲ್ಲೇ ಬರೆದಿರತ್ತೆ), ಪವರ್ ಬಿಐ 64-ಬಿಟ್, ಡಿಎಸ್‌ಎನ್ 32-ಬಿಟ್ ಡ್ರೈವರ್‌ದು. ಅದಕ್ಕೇ ಒಂದರಲ್ಲಿ ಬಂತು ಇನ್ನೊಂದರಲ್ಲಿ ಐಎಂ014 ಅಂತ ಎರರ್ ಬಂತು. ವಿಂಡೋಸ್‌ನಲ್ಲಿ ಒಡಿಬಿಸಿ ಡೇಟಾ ಸೋರ್ಸಸ್ ಅಂತ ಹುಡುಕಿದ್ರೆ ಎರಡು ಬರತ್ತೆ, 32 ಮತ್ತು 64. ಯೂಸರ್ ಡಿಎಸ್‌ಎನ್‌ಗಳು ಎರಡರಲ್ಲೂ ಕಾಣಿಸ್ತವೆ, ಅದೇ ಗೊಂದಲ ಮಾಡೋದು, ಪಕ್ಕದ ಪ್ಲಾಟ್‌ಫಾರ್ಮ್ ಕಾಲಂ ನೋಡಿ. ಸಿಸ್ಟಮ್ ಡಿಎಸ್‌ಎನ್ ಆದ್ರೆ ತನ್ನ ಬಿಟ್‌ನ ಟೂಲಲ್ಲಿ ಮಾತ್ರ ಕಾಣೋದು. ಇನ್ನೊಂದು ಮಜಾ ಏನಂದ್ರೆ 64-ಬಿಟ್ ಟೂಲ್ ಇರೋದು ಸಿಸ್ಟಮ್32 ಫೋಲ್ಡರಲ್ಲಿ, 32-ಬಿಟ್ ಟೂಲ್ ಇರೋದು ಸಿಸ್‌ವಾವ್64 ಫೋಲ್ಡರಲ್ಲಿ, ಎರಡೂ ಫೈಲ್‌ಗೆ ಒಂದೇ ಹೆಸರು. ಫೋಲ್ಡರ್ ಹೆಸರು ನೋಡಿ ಡಬಲ್ ಕ್ಲಿಕ್ ಮಾಡಿದ್ರೆ ತಪ್ಪಿದ್ದೇ ಓಪನ್ ಆಗತ್ತೆ, ಇದನ್ನ ಯಾರು ಯಾಕೆ ಹಿಂಗೆ ಬಿಟ್ರೋ.

ಟ್ಯಾಲಿಯ 64-ಬಿಟ್ ಡಿಎಸ್‌ಎನ್ ಹೆಸರಲ್ಲೇ 64 ಅಂತ ಇರತ್ತೆ, ಕೊನೇಲಿ ಪೋರ್ಟ್ ನಂಬರ್ 9000. ಅದು ಪಟ್ಟೀಲಿ ಇಲ್ಲ ಅಂದ್ರೆ ಟ್ಯಾಲಿನ ಒಂದು ಸಲ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆಗೀರಿ, ಎಫ್1, ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ ಒಡಿಬಿಸಿ ಎನೇಬಲ್ ಯೆಸ್ ಇದೆಯಾ ನೋಡಿ. ಆಮೇಲೆ ಟ್ಯಾಲಿ ಓಪನ್ ಇರಬೇಕು, ಕಂಪನಿ ಲೋಡ್ ಆಗಿರಬೇಕು, ಇಲ್ಲಾಂದ್ರೆ ಉತ್ತರ ಕೊಡೋರೇ ಇರಲ್ಲ. ಒಂದೇ ಮೆಷಿನಲ್ಲಿ ಎರಡು ಟ್ಯಾಲಿ ಓಪನ್ ಮಾಡಿದ್ರೆ 9000 ಒಂದಕ್ಕೆ ಮಾತ್ರ ಸಿಗೋದು, ಇನ್ನೊಂದಕ್ಕೆ ಬೇರೆ ಪೋರ್ಟ್ ಕೊಡಿ. ಎರಡು ಕಂಪನಿ ಲೋಡ್ ಆಗಿದ್ರೆ ಈಗ ಆಕ್ಟಿವ್ ಇರೋದ್ರದ್ದು ಬರತ್ತೆ, ಯಾರೋ ಎಂಟ್ರಿ ಮಾಡೋರು ಆ ಮೆಷಿನಲ್ಲಿ ಕಂಪನಿ ಬದಲಾಯಿಸಿದ್ರೆ ನಿಮ್ಮ ರಿಪೋರ್ಟು ಸದ್ದಿಲ್ದೆ ಬೇರೆ ಕಂಪನಿ ಲೆಕ್ಕ ತೋರ್ಸತ್ತೆ, ಎರರ್ ಏನೂ ಬರಲ್ಲ. ಅದಕ್ಕೇ ಕ್ವೆರೀಲಿ ಕಂಪನಿ ಹೆಸರನ್ನೂ ತರಿಸ್ಕೊಂಡು ರಿಪೋರ್ಟಿನ ಮೂಲೇಲಿ ಕಾಣೋ ಹಾಗೆ ಇಡಿ.

ಕೆಲವು ಸಾಫ್ಟ್‌ವೇರ್‌ಗಳಿಗೆ 32-ಬಿಟ್ ಡ್ರೈವರ್ ಒಂದೇ ಇರತ್ತೆ. ಆಗ ಗುದ್ದಾಡಬೇಡಿ. 32-ಬಿಟ್ ಎಕ್ಸೆಲ್ ಅಥವಾ ಆಕ್ಸೆಸ್‌ನಿಂದ ಎಳೆದು, ಒಂದು ಮಧ್ಯದ ಡೇಟಾಬೇಸ್‌ಗೆ ಹಾಕಿ, ಪವರ್ ಬಿಐಗೆ ಅಲ್ಲಿಂದ ಕೊಡಿ. ಪವರ್ ಬಿಐ ಗೇಟ್‌ವೇ (ಆನ್‌ಲೈನ್ ಪವರ್ ಬಿಐಗೆ ನಿಮ್ಮ ಮೆಷಿನ್ ಡೇಟಾ ತಲುಪಿಸೋ ಪ್ರೋಗ್ರಾಂ) ಕೂಡ 64-ಬಿಟ್ ಡ್ರೈವರನ್ನೇ ಕೇಳೋದು, ಹಾಗಾಗಿ ನಿಮ್ಮ ಮೆಷಿನಲ್ಲಿ ಏನೋ ಜುಗಾಡ್ ಮಾಡಿ ನಡೆಸಿದ್ರೂ ಶೆಡ್ಯೂಲ್ಡ್ ರಿಫ್ರೆಶ್‌ನಲ್ಲಿ ನಿಂತುಹೋಗತ್ತೆ.

ಇನ್ನು ವೋಚರ್ ಟೇಬಲ್. ಟ್ಯಾಲಿ ಒಡಿಬಿಸಿಗೆ ತೆರೆದಿಟ್ಟಿರೋದು ಮುಖ್ಯವಾಗಿ ಮಾಸ್ಟರ್‌ಗಳು, ಅಂದ್ರೆ ಲೆಡ್ಜರ್, ಗ್ರೂಪ್, ಸ್ಟಾಕ್ ಐಟಂ ಇತ್ಯಾದಿ. ನಾವು ಟೇಬಲ್ ಅಂತ ನೋಡ್ತಿರೋದು ಅಲ್ಲಿ ಕಲೆಕ್ಷನ್, ಕಾಲಂ ಅಂತ ನೋಡ್ತಿರೋದು ಮೆಥಡ್, ಅದಕ್ಕೇ ಕಾಲಂ ಹೆಸರುಗಳ ಮುಂದೆ ಡಾಲರ್ ಚಿಹ್ನೆ ಇರೋದು. ವೋಚರ್ ಬೇಕು ಅಂದ್ರೆ ಟಿಡಿಎಲ್‌ನಲ್ಲಿ ಒಂದು ಕಲೆಕ್ಷನ್ ಬರೆದು, ಅದಕ್ಕೆ ಒಡಿಬಿಸಿ ಟೇಬಲ್ ಹೌದು ಅನ್ನೋ ಗುಣ ಕೊಟ್ಟು, ಯಾವ್ಯಾವ ಫೀಲ್ಡ್ ಬೇಕೋ ಹೇಳಿದ್ರೆ ಅದೂ ಪಟ್ಟೀಲಿ ಬರತ್ತೆ. ಟಿಡಿಎಲ್ ಬಲ್ಲೋರಿಗೆ ಇದು ದೊಡ್ಡ ಕೆಲಸ ಅಲ್ಲ, ಆದ್ರೆ ಏನು ಬೇಕು ಅಂತ ನೀವು ಸರಿಯಾಗಿ ಹೇಳಬೇಕು, ಸುಮ್ನೆ "ವೋಚರ್ ಕೊಡಿ" ಅಂದ್ರೆ ಹೆಡರ್ (ವೋಚರಿನ ಮೇಲ್ಭಾಗದ ವಿವರ) ಮಾತ್ರ ಕೊಟ್ಟು ಹೋಗ್ತಾರೆ. ನಿಮಗೆ ಬಾಕಿ ರಿಪೋರ್ಟ್ ಬೇಕಾಗಿರೋದ್ರಿಂದ ಬಿಲ್ ಅಲೊಕೇಶನ್ ಮಟ್ಟದ ಸಾಲುಗಳು ಬೇಕು: ಪಾರ್ಟಿ, ಬಿಲ್ ರೆಫರೆನ್ಸ್ ಹೆಸರು, ನ್ಯೂ ರೆಫ್‌ಆ ಅಗೇನ್ಸ್ಟ್ ರೆಫ್‌ಆ ಅಡ್ವಾನ್ಸ್‌ಆ ಆನ್ ಅಕೌಂಟ್‌ಆ ಅನ್ನೋದು, ದಿನಾಂಕ, ಕ್ರೆಡಿಟ್ ಪೀರಿಯಡ್, ಮೊತ್ತ, ಜೊತೆಗೆ ವೋಚರಿನ ಐಡಿ. ಇದನ್ನೇ ಒಂದು ಹಾಳೇಲಿ ಬರೆದು ಕೊಡಿ.

ಒಡಿಬಿಸಿ ಬಿಟ್ಟು ಇನ್ನೊಂದು ದಾರಿನೂ ಇದೆ, ಅದೇ 9000 ಪೋರ್ಟಿಗೆ ಎಕ್ಸ್‌ಎಂಎಲ್ ಕೋರಿಕೆ ಕಳಿಸಿದ್ರೆ ಟ್ಯಾಲಿ ವೋಚರ್‌ಗಳನ್ನ ಎಕ್ಸ್‌ಎಂಎಲ್‌ನಲ್ಲೇ ಕೊಡತ್ತೆ. ದೊಡ್ಡ ಪ್ರಮಾಣದ ಡೇಟಾಗೆ ನನ್ನ ಪ್ರಕಾರ ಇದೇ ವಾಸಿ, ಆದ್ರೆ ಅದನ್ನ ಬಿಡಿಸಿ ಟೇಬಲ್ ಮಾಡೋಕೆ ಪ್ರೋಗ್ರಾಂ ಬರೆಯೋರು ಬೇಕು.

ಪವರ್ ಬಿಐಯಲ್ಲಿ ಒಡಿಬಿಸಿ ಕೊಟ್ಟಾಗ ಎಡಗಡೆ ಟೇಬಲ್ ಪಟ್ಟಿ ತೋರ್ಸೋ ನ್ಯಾವಿಗೇಟರ್ ಬರತ್ತಲ್ಲ, ಅದು ಡ್ರೈವರನ್ನ ಹತ್ತಾರು ಪ್ರಶ್ನೆ ಕೇಳತ್ತೆ, ಇಂಥ ಡ್ರೈವರ್‌ಗಳು ಎಲ್ಲಾದಕ್ಕೂ ಸರಿಯಾಗಿ ಉತ್ತರ ಕೊಡಲ್ಲ. ಅಡ್ವಾನ್ಸ್ಡ್ ಆಪ್ಷನ್ಸ್ ತೆಗೆದು ಎಸ್‌ಕ್ಯೂಎಲ್ ಸ್ಟೇಟ್‌ಮೆಂಟ್ ನೀವೇ ಬರೀರಿ, ಬೇಕಾದ ಕಾಲಂ ಹೆಸರು ಮಾತ್ರ ಹಾಕಿ. ಜಾಯಿನ್ ಎಲ್ಲಾ ಅಲ್ಲಿ ಬರೆಯೋಕೆ ಹೋಗಬೇಡಿ, ಟೇಬಲ್‌ಗಳನ್ನ ಬೇರೆ ಬೇರೆ ತಂದು ಪವರ್ ಬಿಐ ಒಳಗಿನ ಪವರ್ ಕ್ವೆರೀಲಿ ಸೇರ್ಸಿ.

ಮೈನಸ್ ವಿಷಯ ಹೇಳ್ತೀನಿ, ಇದು ತಪ್ಪಲ್ಲ. ಟ್ಯಾಲಿ ಒಳಗೆ ಡೆಬಿಟ್‌ನ ಮೈನಸ್ ಆಗಿ, ಕ್ರೆಡಿಟ್‌ನ ಪ್ಲಸ್ ಆಗಿ ಇಡೋದು. ಗಿರಾಕಿಗಳದ್ದು ಡೆಬಿಟ್ ಬ್ಯಾಲೆನ್ಸ್, ಹಾಗಾಗಿ ಮೈನಸ್. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಬೇರೆ ಪದ್ಧತಿ ಇರತ್ತೆ, ಕೆಲವದರಲ್ಲಿ ಡೆಬಿಟ್ ಪ್ಲಸ್, ಕೆಲವದರಲ್ಲಿ ಮೊತ್ತ ಯಾವಾಗ್ಲೂ ಪ್ಲಸ್ ಇದ್ದು ಪಕ್ಕದಲ್ಲಿ ಡೆಬಿಟ್ಟಾ ಕ್ರೆಡಿಟ್ಟಾ ಅನ್ನೋ ಕಾಲಂ. ದಯವಿಟ್ಟು ಆಬ್ಸಲ್ಯೂಟ್ ಫಂಕ್ಷನ್ ಹಾಕಿ ಮೈನಸ್ ಅಳಿಸಬೇಡಿ, ಹಾಗೆ ಮಾಡಿದ್ರೆ ಅಡ್ವಾನ್ಸ್ ಕೊಟ್ಟಿರೋ ಗಿರಾಕಿನೂ ಬಾಕಿದಾರ ಆಗ್ಬಿಡ್ತಾನೆ. ಎಲ್ಲಾ ಕಂಪನಿಗೂ ಒಂದೇ ನಿಯಮ ಇಟ್ಕೊಳ್ಳಿ, ಡೆಬಿಟ್ ಪ್ಲಸ್ ಅಂತ ಇಟ್ಕೊಂಡ್ರೆ ಟ್ಯಾಲಿಯಿಂದ ಬಂದಿದ್ದನ್ನೆಲ್ಲ ಮೈನಸ್ ಒಂದರಿಂದ ಗುಣಿಸಿ, ಅಷ್ಟೇ, ಅದನ್ನ ಡೇಟಾ ಒಳಗೆ ಬರೋ ಬಾಗಿಲಲ್ಲೇ ಒಂದು ಸಲ ಮಾಡಿ, ಪ್ರತಿ ಚಾರ್ಟಲ್ಲೂ ಅಲ್ಲ.

ತಾಳೆ ಹಾಕೋ ಕೆಲಸಕ್ಕೆ ಬರೋಣ, ಇಲ್ಲಿ ನಿಧಾನ ಮಾಡಿ. ಮೊದಲ ಪರೀಕ್ಷೆ: ಒಂದೊಂದು ವೋಚರಿನ ಲೆಡ್ಜರ್ ಸಾಲುಗಳನ್ನ ಚಿಹ್ನೆ ಸಮೇತ ಕೂಡಿಸಿದ್ರೆ ಸೊನ್ನೆ ಬರಬೇಕು. ಬರದೇ ಇರೋ ವೋಚರ್ ಇದ್ರೆ ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ. ಎರಡು ಸಲ ಬರೋದು ಸಾಮಾನ್ಯವಾಗಿ ಹೀಗೆ: 10,000ದ ಒಂದು ಇನ್‌ವಾಯ್ಸ್, ಅದರಲ್ಲಿ ಮೂರು ಐಟಂ ಸಾಲು. ಹೆಡರ್ ಟೇಬಲ್‌ನ ಐಟಂ ಟೇಬಲ್‌ಗೆ ಸೇರಿಸಿದ್ರಿ, ಹೆಡರಿನ 10,000 ಮೂರು ಸಾಲಲ್ಲೂ ರಿಪೀಟ್ ಆಯ್ತು, ಮೊತ್ತ ಹಾಕಿದ್ರೆ 30,000. ಒಂದೇ ಐಟಂ ಇರೋ ಇನ್‌ವಾಯ್ಸ್‌ನಲ್ಲಿ ಈ ತಪ್ಪು ಕಾಣಲ್ಲ, ಹಾಗಾಗಿ ನಾಲ್ಕೈದು ಬಿಲ್ ನೋಡಿ ಸರಿ ಇದೆ ಅಂತ ಬಿಟ್ರೆ ವರ್ಷದ ಸೇಲ್ಸ್ ಎಲ್ಲೋ ಹೋಗಿ ನಿಂತಿರತ್ತೆ. ಹೆಡರಿನ ಮೊತ್ತ ಬೇಕಾದ್ರೆ ಹೆಡರ್ ಟೇಬಲ್‌ನಲ್ಲೇ ಕೂಡಿಸಿ, ಐಟಂ ಬೇಕಾದ್ರೆ ಐಟಂ ಟೇಬಲ್‌ನಲ್ಲಿ.

ಎರಡನೇದು ಟ್ರಯಲ್ ಬ್ಯಾಲೆನ್ಸ್. ಟ್ಯಾಲಿ ಸ್ಕ್ರೀನಲ್ಲಿ ಒಂದು ತಾರೀಕಿಗೆ ಟ್ರಯಲ್ ಬ್ಯಾಲೆನ್ಸ್ ತೆಗೀರಿ, ನಿಮ್ಮ ಡೇಟಾದಿಂದ ಅದೇ ತಾರೀಕಿಗೆ ಲೆಡ್ಜರ್‌ವಾರು ಮಾಡಿ, ಪಕ್ಕ ಪಕ್ಕ ಇಟ್ಟು ವ್ಯತ್ಯಾಸ ತೆಗೀರಿ. ವ್ಯತ್ಯಾಸ ಬಂದ್ರೆ ಹುಡುಕಬೇಕಾದ ಜಾಗಗಳು ಗೊತ್ತಿರೋವೇ: ಆಪ್ಷನಲ್ ವೋಚರ್, ಮೆಮೊರಾಂಡಮ್, ಕ್ಯಾನ್ಸಲ್ ಆಗಿರೋದು, ತಾರೀಕು ಇನ್ನೂ ಬರದ ಪೋಸ್ಟ್ ಡೇಟೆಡ್, ಇವೆಲ್ಲ ಡೇಟಾದಲ್ಲಿ ಸಾಲಾಗಿ ಬಂದಿರ್ತವೆ ಆದ್ರೆ ಪುಸ್ತಕದ ಲೆಕ್ಕಕ್ಕೆ ಸೇರಲ್ಲ. ಓಪನಿಂಗ್ ಬ್ಯಾಲೆನ್ಸ್ ವೋಚರಲ್ಲಿ ಇರಲ್ಲ, ಲೆಡ್ಜರ್ ಮಾಸ್ಟರಲ್ಲಿ ಇರತ್ತೆ, ಅದನ್ನ ಸೇರಿಸೋದು ಮರೆತಿರ್ತಾರೆ. ಸ್ಟಾಕ್ ಇಟ್ಟಿರೋ ಕಂಪನಿ ಆದ್ರೆ ಕ್ಲೋಸಿಂಗ್ ಸ್ಟಾಕ್ ಲೆಡ್ಜರಿಂದ ಬರಲ್ಲ, ಇನ್ವೆಂಟರಿಯಿಂದ ಲೆಕ್ಕ ಹಾಕಿ ಬ್ಯಾಲೆನ್ಸ್ ಶೀಟಿಗೆ ತರೋದು, ಹಾಗಾಗಿ ಬರೀ ಲೆಡ್ಜರ್ ಕೂಡಿಸಿ ಬ್ಯಾಲೆನ್ಸ್ ಶೀಟ್ ಮಾಡೋಕೆ ಹೋದ್ರೆ ಅದು ಕೂಡಲ್ಲ. ಜೊತೆಗೆ ನೇರವಾಗಿ ಕ್ಲೋಸಿಂಗ್ ಬ್ಯಾಲೆನ್ಸ್ ಕಾಲಂ ಎಳೆದ್ರೆ ಆ ಹೊತ್ತಿಗೆ ಟ್ಯಾಲಿಯಲ್ಲಿ ಯಾವ ಪೀರಿಯಡ್ ಇದೆ ಅನ್ನೋದನ್ನೂ ನೋಡ್ಕೊಳ್ಳಿ.

ಬಾಕಿ ರಿಪೋರ್ಟಿಗೆ ಇದು ಸಾಲಲ್ಲ. ಪಾರ್ಟಿ ಲೆಡ್ಜರ್ ಬ್ಯಾಲೆನ್ಸ್ ಕೂಡಿದ್ರೂ ಎಷ್ಟು ದಿನದ ಬಾಕಿ ಅನ್ನೋದು ತಪ್ಪಾಗಬಹುದು. ಒಂದು ಬಿಲ್ 50,000, ಅದಕ್ಕೆ ದುಡ್ಡು ಬಂತು 30,000, ಆದ್ರೆ ರಿಸೀಟ್ ಹಾಕೋವಾಗ ಬಿಲ್ ನಂಬರ್ ಹಿಡಿಯದೇ ಆನ್ ಅಕೌಂಟ್ ಅಂತ ಹಾಕ್ಬಿಟ್ರು. ಪಾರ್ಟಿ ಬ್ಯಾಲೆನ್ಸ್ 20,000 ಸರಿಯಾಗೇ ಇದೆ, ಬಿಲ್‌ವಾರು ನೋಡಿದ್ರೆ ತೊಂಬತ್ತು ದಿನ ದಾಟಿದ ಬಾಕಿ 50,000 ಮತ್ತು ಎಲ್ಲಿಗೂ ಸೇರದ ಮೈನಸ್ 30,000. ಇದನ್ನ ರಿಪೋರ್ಟಲ್ಲಿ ಹಳೇ ಬಿಲ್ಲಿಗೆ ತಾನಾಗೇ ಹೊಂದಿಸೋ ಲಾಜಿಕ್ ಬರೆಯೋರು ಇದಾರೆ. ನಾನು ಬೇಡ ಅಂತೀನಿ. ಆನ್ ಅಕೌಂಟ್‌ನ ಬೇರೆ ಕಾಲಂ ಮಾಡಿ ಕಣ್ಣಿಗೆ ಹೊಡೆಯೋ ಹಾಗೆ ತೋರ್ಸಿ, ಆಗ ಅಕೌಂಟ್ಸ್‌ನವರೇ ಟ್ಯಾಲಿಗೆ ಹೋಗಿ ಸರಿ ಮಾಡ್ತಾರೆ, ಇಲ್ಲಾಂದ್ರೆ ಟ್ಯಾಲಿ ಒಂದು ಹೇಳತ್ತೆ ನಿಮ್ಮ ರಿಪೋರ್ಟ್ ಇನ್ನೊಂದು ಹೇಳತ್ತೆ. ದಿನ ಎಣಿಸೋದು ಬಿಲ್ ತಾರೀಕಿಂದನಾ ಡ್ಯೂ ಡೇಟಿಂದನಾ ಅನ್ನೋದನ್ನೂ ಮೊದಲೇ ಮೇಲಿನವರ ಹತ್ರ ಬರಹದಲ್ಲಿ ತಗೊಳ್ಳಿ, ಅರ್ಧ ಜಗಳ ಅದರಿಂದಲೇ.

ಲೈವ್ ಮಾಡಬಹುದಾ ಅಂದ್ರಲ್ಲ, ಬೇಡ. ನೀವು ರಿಫ್ರೆಶ್ ಒತ್ತಿದಾಗ ಟ್ಯಾಲಿ ನಿಮಗೆ ಉತ್ತರ ಕೊಡೋದ್ರಲ್ಲಿ ಬಿಜಿ ಆಗತ್ತೆ, ಆ ಮೆಷಿನಲ್ಲಿ ಎಂಟ್ರಿ ಮಾಡ್ತಿರೋರಿಗೆ ಸ್ಕ್ರೀನ್ ನಿಂತುಹೋಗತ್ತೆ, ತಿಂಗಳ ಕೊನೇಲಿ ಇದಾದ್ರೆ ನಿಮ್ಮನ್ನ ಬೈಯದೇ ಇರೋರು ಯಾರೂ ಇರಲ್ಲ. ಮಧ್ಯದಲ್ಲಿ ಒಂದು ಸ್ವಂತ ಡೇಟಾಬೇಸ್ ಇಟ್ಕೊಳ್ಳಿ, ಪೋಸ್ಟ್‌ಗ್ರೆಸ್‌ಎಸ್‌ಕ್ಯೂಎಲ್ ಆಗಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆಗಲಿ, ಎರಡೂ ಫ್ರೀ. ರಾತ್ರಿ ಒಂದು ಸಲ ಅಲ್ಲಿಗೆ ಎಳೆದು ಹಾಕಿ, ಪವರ್ ಬಿಐ ಅಲ್ಲಿಂದ ಓದಲಿ. ಬಾಕಿ ರಿಪೋರ್ಟಿಗೆ ನಿನ್ನೆ ಸಂಜೆವರೆಗಿನ ಲೆಕ್ಕ ಧಾರಾಳ ಸಾಕು.

ದಿನಾ ಪೂರ್ತಿ ಎಳೆಯೋದು ಭಾರ ಅಂತ ಬದಲಾಗಿರೋದನ್ನ ಮಾತ್ರ ಎಳೀತಾರೆ, ಟ್ಯಾಲಿಯಲ್ಲಿ ಆಲ್ಟರ್ ಐಡಿ ಅಂತ ಇದೆ, ಏನಾದ್ರೂ ತಿದ್ದಿದ್ರೆ ಆ ಸಂಖ್ಯೆ ಮೇಲೆ ಹೋಗತ್ತೆ, ನಿನ್ನೆಗಿಂತ ದೊಡ್ಡದಿರೋದನ್ನ ತಗೊಂಡ್ರೆ ಆಯ್ತು. ಇದರಲ್ಲೊಂದು ತೂತಿದೆ: ಡಿಲೀಟ್ ಆಗಿರೋ ವೋಚರ್ ಇದರಲ್ಲಿ ಬರೋದೇ ಇಲ್ಲ, ಅಲ್ಲಿ ಇಲ್ದೇ ಇರೋದು ನಿಮ್ಮ ಡೇಟಾಬೇಸಲ್ಲಿ ಹಾಗೇ ಕೂತಿರತ್ತೆ. ಹಾಗಾಗಿ ಕಳೆದ ಎರಡು ಮೂರು ತಿಂಗಳದ್ದನ್ನ ಪ್ರತಿ ರಾತ್ರಿ ಅಳಿಸಿ ಹೊಸದಾಗಿ ತನ್ನಿ, ಹಳೇದನ್ನ ವಾರಕ್ಕೊಮ್ಮೆ ಪೂರ್ತಿ ತನ್ನಿ, ತಂದ ಮೇಲೆ ಟ್ರಯಲ್ ಬ್ಯಾಲೆನ್ಸ್ ಪರೀಕ್ಷೆ ತಾನಾಗೇ ನಡೆದು ವ್ಯತ್ಯಾಸ ಇದ್ರೆ ರಿಪೋರ್ಟಿನ ಮೇಲೇ ಕೆಂಪಲ್ಲಿ ಬರಲಿ.

ರಾತ್ರಿ ಕೆಲಸ ಅಂದ್ರೆ ಇನ್ನೆರಡು ಕಿರಿಕಿರಿ. ಶೆಡ್ಯೂಲ್ ಓಡೋದು ಬೇರೆ ವಿಂಡೋಸ್ ಯೂಸರ್ ಹೆಸರಲ್ಲಿ ಆಗಿರಬಹುದು, ಅದಕ್ಕೆ ನಿಮ್ಮ ಯೂಸರ್ ಡಿಎಸ್‌ಎನ್ ಕಾಣಲ್ಲ, ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್ ಅಂತ ಬರತ್ತೆ, ಸಿಸ್ಟಮ್ ಡಿಎಸ್‌ಎನ್ ಮಾಡಿ. ಝಡ್ ಡ್ರೈವ್ ಥರ ಮ್ಯಾಪ್ ಮಾಡಿರೋ ಪಾತ್‌ಗಳೂ ಕಾಣಲ್ಲ, ಸರ್ವರ್ ಹೆಸರಿಂದ ಶುರುವಾಗೋ ಪೂರ್ತಿ ಪಾತ್ ಕೊಡಿ. ಟ್ಯಾಲಿಗೆ ಮಾತ್ರ ಯಾವುದೋ ಒಂದು ಮೆಷಿನಲ್ಲಿ ಲಾಗಿನ್ ಆಗಿ ಕಂಪನಿ ತೆರೆದೇ ಇರಬೇಕು, ಸಂಜೆ ಎಲ್ಲರೂ ಶಟ್ ಡೌನ್ ಮಾಡಿ ಹೋದ್ರೆ ಬೆಳಗ್ಗೆ ಡೇಟಾ ಇರಲ್ಲ, ಇದಕ್ಕೇ ಅಂತ ಒಂದು ಮೆಷಿನ್ ಬಿಡಿ.

9000 ಪೋರ್ಟನ್ನ ಇಂಟರ್ನೆಟ್‌ಗೆ ತೆರೆದಿಡಬೇಡಿ, ತಲುಪೋಕಾದವರು ಯಾರಾದ್ರೂ ಕೇಳಬಹುದು. ಎಕ್ಸೆಲ್ ಫೈಲ್ ಮೇಲ್ ಮಾಡೋವಾಗ ಹುಷಾರು, ಶೀಟ್ ಅಳಿಸಿದ್ರೂ ಪಿವಟ್ ಟೇಬಲ್ ತನ್ನೊಳಗೆ ಇಟ್ಕೊಂಡಿರೋ ಕಾಪಿಯಲ್ಲಿ ಪೂರ್ತಿ ಡೇಟಾ ಉಳಿದಿರತ್ತೆ, ಎಲ್ಲಾ ಪಾರ್ಟಿಗಳ ಲೆಕ್ಕ ಒಬ್ಬ ಪಾರ್ಟಿಗೆ ಹೋಗ್ಬಿಡತ್ತೆ. ಡ್ರೈವರ್ ಮೂಲಕ ವಾಪಸ್ ಬರೆಯೋ ಸೌಲಭ್ಯ ಇದೆ ಅಂತ ಯಾರಾದ್ರೂ ಹೇಳಿದ್ರೂ ರಿಪೋರ್ಟಿಂಗ್ ಯೂಸರ್‌ಗೆ ಓದೋ ಹಕ್ಕು ಮಾತ್ರ ಕೊಡಿ.

ಕ್ವಿಕ್‌ಬುಕ್ಸ್ ಸೇರಿಸೋ ಹೊತ್ತಿಗೆ ಮೊದಲು ಅದು ಡೆಸ್ಕ್‌ಟಾಪಾ ಆನ್‌ಲೈನಾ ಕೇಳಿ, ಎರಡಕ್ಕೂ ಹೆಸರು ಒಂದೇ, ಕನೆಕ್ಟ್ ಮಾಡೋ ದಾರಿ ಪೂರ್ತಿ ಬೇರೆ. ಡೆಸ್ಕ್‌ಟಾಪ್ ಆದ್ರೆ ಕ್ಯೂಒಡಿಬಿಸಿ, ಅದು ವೇಗಕ್ಕೋಸ್ಕರ ಡೇಟಾನ ಲೋಕಲ್ ಆಗಿ ಒಂದು ಕಾಪಿ ಇಟ್ಕೊಳ್ಳತ್ತೆ, ಆ ಕಾಪಿ ಯಾವಾಗಿನದು ಅಂತ ಸೆಟ್ಟಿಂಗಲ್ಲಿ ನೋಡದೇ ಇದ್ರೆ ನೀವು ಹಳೇ ಲೆಕ್ಕ ಓದ್ತಿರ್ತೀರಿ. ಕ್ವಿಕ್‌ಬುಕ್ಸ್ ಓಪನ್ ಇಲ್ಲದಾಗಲೂ ಓದೋಕೆ ಬಿಡೋ ಅನುಮತಿನ ಅಲ್ಲಿನ ಅಡ್ಮಿನ್ ಒಂದು ಸಲ ಕೊಡಬೇಕು. ಆನ್‌ಲೈನ್ ಆದ್ರೆ ದುಡ್ಡು ಕೊಟ್ಟು ತಗೊಳ್ಳೋ ಡ್ರೈವರ್‌ಗಳಿವೆ, ಟ್ರಯಲ್ ತಗೊಂಡು ಸ್ಯಾಂಪಲ್ ಕಂಪನಿ ಮೇಲೆ ನೋಡ್ಬೇಡಿ, ನಿಮ್ಮ ಅತಿ ದೊಡ್ಡ ಕಂಪನಿಯ ಒಂದು ವರ್ಷದ ಇನ್‌ವಾಯ್ಸ್ ಸಾಲುಗಳು ಮತ್ತು ಪೇಮೆಂಟ್ ಯಾವ ಬಿಲ್ಲಿಗೆ ಹೊಂದಿದೆ ಅನ್ನೋ ಟೇಬಲ್ ಎರಡನ್ನೂ ಎಳೆದು ನೋಡಿ. ಎರಡನೇ ಟೇಬಲ್ ಬರಲ್ಲ ಅಂದ್ರೆ ಆ ಡ್ರೈವರ್ ನಿಮ್ಮ ಕೆಲಸಕ್ಕೆ ಆಗಲ್ಲ, ಎಷ್ಟೇ ಡಿಸ್ಕೌಂಟ್ ಕೊಟ್ರೂ.